ಸುಗ್ಗಿಯ ಲೆಕ್ಕ ಹಾಕಿ ಸರ್ವರ್ ಕೊಳ್ಳಿ

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಕಚೇರಿ, ಊರಾಚೆ ಬೇಳೆ ಮಿಲ್ಲು, ಕಮಲಾಪುರದ ಕಡೆ ಗೋದಾಮು ಇರುವವರು ಎಲ್ಲ ಲೆಕ್ಕವನ್ನೂ ಒಂದೇ ಇಆರ್‌ಪಿ ತಂತ್ರಾಂಶಕ್ಕೆ ತರಲು ಹೊರಟಿದ್ದರೆ, ಒಂದು ಮಾತು ಕೇಳಿ. ಮಾರುವವರು ಬಿಡುವಿನ ದಿನ ತೋರಿಸಿದ ವೇಗ ನೋಡಿ ಅದಕ್ಕೆ ಸರ್ವರ್ ಆರಿಸಬೇಡಿ.

ನಮ್ಮ ವ್ಯಾಪಾರಕ್ಕೆ ಋತುವಿದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ, ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಎಪಿಎಂಸಿಗೆ ನುಗ್ಗುತ್ತದೆ. ಆಗ ತೂಕದ ಚೀಟಿ, ಖರೀದಿ, ದಾಸ್ತಾನು, ಲಾರಿ ಬಿಲ್ಲು ಎಲ್ಲವೂ ಒಂದೇ ಹೊತ್ತಿಗೆ. ಮೇಲೆ ತಿಂಗಳ 11 ಮತ್ತು 20ರ ಜಿಎಸ್‌ಟಿ ಗಡುವು ಬೇರೆ. ಹಿಂದಿನ ಸುಗ್ಗಿಯ ಪುಸ್ತಕ ತೆರೆದು, ಅತಿ ಬಿರುಸಿನ ಗಂಟೆಯಲ್ಲಿ ಎಷ್ಟು ಜನ ಎಷ್ಟು ನಮೂದು ಮಾಡಿದರೆಂದು ಎಣಿಸಿ. ಮೂರು ವರ್ಷದ ಬೆಳವಣಿಗೆ ಸೇರಿಸಿ. ಅಷ್ಟು ಭಾರ ಹಾಕಿ ನಡೆಸಿ ತೋರಿಸಿ ಎಂದು ಮಾರುವವರನ್ನು ಕೇಳಲು ಸಂಕೋಚ ಬೇಡ, ದುಡ್ಡು ನಿಮ್ಮದು.

ಸರ್ವರನ್ನು ಮೆಟ್ಟಿಲ ಕೆಳಗೆ ತುರುಕಬೇಡಿ. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಯಂತ್ರಕ್ಕೂ ತಂಪು ಬೇಕು, ಯುಪಿಎಸ್ ಬೇಕು. ಕ್ಲೌಡ್ ಆರಿಸಿದರೆ ಈ ಚಿಂತೆ ತಪ್ಪುತ್ತದೆ, ಆದರೆ ಇಂಟರ್ನೆಟ್ ಎರಡು ಬೇರೆ ಕಂಪನಿಗಳದ್ದಿರಲಿ, ಎರಡೂ ತಂತಿ ಒಂದೇ ಕಂಬದಿಂದ ಬರುತ್ತಿಲ್ಲವೆಂದು ನೋಡಿಕೊಳ್ಳಿ.

ಬ್ಯಾಕಪ್ ಇದೆ ಎಂಬ ಮಾತನ್ನಷ್ಟೇ ನಂಬಬೇಡಿ. ಬೇರೆ ಕಂಪ್ಯೂಟರಿನಲ್ಲಿ ತೆರೆಸಿ, ನಿನ್ನೆಯ ಬಿಲ್ಲು ಕಣ್ಣಾರೆ ನೋಡಿ. ಹೊಸ ವ್ಯವಸ್ಥೆಗೆ ಜೂನ್–ಜುಲೈನಲ್ಲೇ ಬದಲಾಗಿ. ಹುಡುಗರ ಕೈ ಪಳಗಲು ತೊಗರಿ ಬರುವವರೆಗೆ ಸಮಯ ಸಿಗುತ್ತದೆ.