ಸ್ಪ್ಯಾನಿಷ್ ವ್ಯವಹಾರ ಪತ್ರಗಳಲ್ಲಿ ವರ್ತಮಾನಕಾಲದ ಅನಿಯತ ಕ್ರಿಯಾಪದಗಳು

ಸ್ಪೇನ್ ದೇಶದ ಖರೀದಿದಾರರಿಂದ ‘ಪಗಾಮೊಸ್ ಎಲ್ ಲೂನೆಸ್’ ಎಂಬ ಒಂದು ಸಾಲಿನ ಉತ್ತರ ಬಂದರೆ ಅದನ್ನು ಎರಡು ರೀತಿಯಲ್ಲಿ ಓದಬಹುದು. ‘ಸೋಮವಾರ ಹಣ ಪಾವತಿಸುತ್ತೇವೆ’ ಎಂಬುದು ಒಂದು. ‘ಸೋಮವಾರ ಪಾವತಿಸಿದೆವು’ ಎಂಬುದು ಇನ್ನೊಂದು. ಮೊದಲನೆಯದಾದರೆ ರಫ್ತುದಾರನು ಹಡಗಿನ ದಾಖಲೆಗಳನ್ನು ತನ್ನಲ್ಲಿಯೇ ಇರಿಸಿಕೊಳ್ಳುವುದು ಕ್ಷೇಮ. ಎರಡನೆಯದಾದರೆ ಬ್ಯಾಂಕಿನಲ್ಲಿ ವಿಚಾರಿಸಿ ಕಳುಹಿಸಿಕೊಡಬಹುದು.

1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಮೊದಲಾದ ಮಿಡಿಸೌತೆಯ ರಫ್ತು ತಲಪುವ ದೇಶಗಳಲ್ಲಿ ಸ್ಪೇನ್ ಸಹ ಒಂದು. ಪೋರ್ಚುಗೀಸ್ ಆಡುವ ಬ್ರೆಜಿಲನ್ನು ಬಿಟ್ಟರೆ ದಕ್ಷಿಣ ಅಮೆರಿಕದ ಹೆಚ್ಚಿನ ದೇಶಗಳ ವ್ಯವಹಾರ ಭಾಷೆಯೂ ಸ್ಪ್ಯಾನಿಷ್. ಆದುದರಿಂದ ಈ ಗೊಂದಲದ ಮೂಲವನ್ನು ವರ್ತಕರು ತಿಳಿದಿರುವುದು ಲೇಸು.

‘ಪಗಾರ್’ ಎಂದರೆ ಪಾವತಿಸು. (ಕನ್ನಡದ ‘ಪಗಾರ’ ಇದರ ಪೋರ್ಚುಗೀಸ್ ಸೋದರಪದದಿಂದಲೇ ಬಂದುದು.) ಇದು ನಿಯತ ಕ್ರಿಯಾಪದ. ‘ಆರ್’ ಮತ್ತು ‘ಈರ್’ ಎಂದು ಮುಗಿಯುವ ನಿಯತ ಕ್ರಿಯಾಪದಗಳಲ್ಲಿ ‘ನಾವು’ ಎಂಬುದಕ್ಕೆ ಹೊಂದುವ ರೂಪವು ವರ್ತಮಾನ ಮತ್ತು ಭೂತಕಾಲಗಳೆರಡರಲ್ಲೂ ಒಂದೇ. ‘ರೆಸಿಬೀಮೊಸ್’ ಎಂಬುದೂ ಹಾಗೆಯೇ. ಸರಕು ಸ್ವೀಕರಿಸುತ್ತೇವೆಯೋ ಸ್ವೀಕರಿಸಿದೆವೋ, ಪದವೊಂದರಿಂದಲೇ ತಿಳಿಯದು.

ಕಲಿಯುವವರು ಅಂಜುವ ಅನಿಯತ ಕ್ರಿಯಾಪದಗಳು ಇಲ್ಲಿ ನೆರವಿಗೆ ಬರುತ್ತವೆ. ‘ಅಸೇರ್’ ಎಂದರೆ ಮಾಡು. ‘ಅಸೇಮೊಸ್ ಎಲ್ ಪಾಗೊ’ ಎಂದರೆ ಪಾವತಿ ಮಾಡುತ್ತೇವೆ, ಮಾಡಿಯಾಗಿದ್ದರೆ ‘ಇಸೀಮೊಸ್’. ‘ತೆನೇಮೊಸ್’ ಎಂದರೆ ನಮ್ಮಲ್ಲಿದೆ, ‘ತುವೀಮೊಸ್’ ಎಂದರೆ ಇತ್ತು. ಸಂದೇಹಕ್ಕೆ ಎಡೆಯಿಲ್ಲ. ಆದರೆ ಬೇಡಿಕೆ ಸಲ್ಲಿಸುವ ‘ಪೆದೀರ್’ ಅನಿಯತವಾಗಿದ್ದೂ ‘ಪೆದೀಮೊಸ್’ ಎಂದು ಎರಡೂ ಕಾಲಗಳಲ್ಲಿ ಒಂದೇ ಆಗಿರುತ್ತದೆ. ಆದ್ದರಿಂದ ಬೇಡಿಕೆ ಪತ್ರದಲ್ಲಿ ದಿನಾಂಕವನ್ನು ನಮೂದಿಸದೆ ಬಿಡಬಾರದು. (ಇಲ್ಲಿ ಕೊಟ್ಟಿರುವುದು ಲ್ಯಾಟಿನ್ ಅಮೆರಿಕದ ಉಚ್ಚಾರ; ಸ್ಪೇನಿನ ಬಹುಭಾಗದಲ್ಲಿ ‘ಅಸೇಮೊಸ್’ ಎಂಬುದು ‘ಅಥೇಮೊಸ್’ ಎಂದು ಕೇಳಿಸುತ್ತದೆ.)

ಹೆಚ್ಚು ಬಳಕೆಯ ಮಾತುಗಳೇ ಅನಿಯತವಾಗಿರುವುದು ಕನ್ನಡಿಗರಿಗೆ ಹೊಸದಲ್ಲ. ‘ಮಾರು’ ಎಂಬುದು ‘ಮಾರಿದ’ ಎಂದು ಸರಳವಾಗಿ ನಡೆದರೆ, ‘ಕೊಡು’ ‘ಕೊಟ್ಟ’ ಎಂದೂ, ‘ಕೊಳ್ಳು’ ‘ಕೊಂಡ’ ಎಂದೂ, ‘ತರು’ ‘ತಂದ’ ಎಂದೂ ಆಗುತ್ತವೆ.

ವರ್ತಮಾನಕಾಲದಲ್ಲಿ ವ್ಯತ್ಯಾಸ ಹೆಚ್ಚಾಗಿ ಕಾಣುವುದು ‘ನಾನು’ ಎಂಬಲ್ಲಿ. ತೆಂಗೊ (ನನ್ನಲ್ಲಿದೆ), ಆಗೊ (ಮಾಡುತ್ತೇನೆ), ಪೊಂಗೊ (ಇಡುತ್ತೇನೆ), ತ್ರಾಯ್ಗೊ (ತರುತ್ತೇನೆ), ದೀಗೊ (ಹೇಳುತ್ತೇನೆ) ಎಂಬಿವುಗಳಲ್ಲಿ ‘ಗೊ’ ಸೇರಿಕೊಳ್ಳುತ್ತದೆ. ಇನ್ನು ಕೆಲವುಗಳಲ್ಲಿ ಧಾತುವಿನ ಸ್ವರವೇ ಬದಲಾಗುತ್ತದೆ: ‘ಪೊದೇರ್’ (ಸಾಧ್ಯವಾಗು) ಎಂಬುದರಿಂದ ‘ಪ್ವೆದೊ’, ‘ಕೆರೇರ್’ (ಬಯಸು) ಎಂಬುದರಿಂದ ‘ಕಿಯೆರೊ’. ಬೆಲೆ ಕೇಳುವ ‘ಕ್ವಾಂತೊ ಕ್ವೆಸ್ತಾ’ ಎಂಬಲ್ಲಿಯೂ ಇದೇ ಮಾರ್ಪಾಟು. ‘ನಾವು’ ಎಂಬಲ್ಲಿ ಮಾತ್ರ ಮೂಲಸ್ವರ ಉಳಿಯುತ್ತದೆ: ಪೊದೇಮೊಸ್, ಕೆರೇಮೊಸ್. ಸಂಸ್ಥೆಯ ಪರವಾಗಿ ‘ನಾವು’ ಎಂದು ಬರೆಯುವವರಿಗೆ ಹೀಗಾಗಿ ಶ್ರಮ ಅರ್ಧದಷ್ಟು ಕಡಿಮೆ. ದೂರವಾಣಿಯಲ್ಲಿ ಆ ಅನುಕೂಲವಿಲ್ಲ. ಅಲ್ಲಿ ‘ನಾನು’ ಎನ್ನಲೇಬೇಕಾಗುತ್ತದೆ. ಗ್ರಾಹಕರನ್ನು ಗೌರವದಿಂದ ಸಂಬೋಧಿಸುವ ‘ಉಸ್ತೆದ್’ (ತಾವು) ಎಂಬ ಪದಕ್ಕೆ ಪ್ರಥಮ ಪುರುಷದ ರೂಪವೇ ಹೊಂದುತ್ತದೆ: ‘ಉಸ್ತೆದ್ ಪ್ವೆದೆ’.

‘ಇರು’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ಎರಡು ಕ್ರಿಯಾಪದಗಳಿದ್ದು, ಎರಡೂ ಅನಿಯತ. ಬಟ್ಟೆ ಹತ್ತಿಯದು ಎನ್ನುವಾಗ ‘ಎಸ್’. ಸರಕು ಬಂದರಿನಲ್ಲಿದೆ ಎನ್ನುವಾಗ ‘ಎಸ್ತಾ’. ಬೇಡಿಕೆಯ ಸರಕು ಸಿದ್ಧವಾಗಿದ್ದರೆ ‘ಎಲ್ ಪೆದೀದೊ ಎಸ್ತಾ ಲಿಸ್ತೊ’ ಎಂದು ತಿಳಿಸತಕ್ಕದ್ದು. ಅಲ್ಲಿ ‘ಎಸ್ ಲಿಸ್ತೊ’ ಎಂದರೆ ಸರಕು ಬಹಳ ಜಾಣ ಎಂದಂತಾಗುತ್ತದೆ.