ತವರಿಗೆ ಬರುವ ಮೀನು

ಪ್ರಖ್ಯಾತರೊಬ್ಬರ ಮಾತು ವನ್ಯಜೀವಿಯೊಂದರ ಪ್ರಾಣವನ್ನು ಉಳಿಸಬಲ್ಲುದೇ? ಗುಜರಾತಿನ ಕರಾವಳಿಯಲ್ಲಿ ನಡೆದುದನ್ನು ನೋಡಿರಿ.

ತಿಮಿಂಗಿಲ ಶಾರ್ಕು ಹೆಸರಿಗೆ ತಿಮಿಂಗಿಲವಾದರೂ ಮೀನೇ. ಮೀನುಗಳಲ್ಲೆಲ್ಲ ಅತಿ ದೊಡ್ಡದು. 12 ಮೀಟರಿಗೂ ಮೀರಿ ಬೆಳೆಯಬಲ್ಲ ಈ ದೈತ್ಯನ ಆಹಾರವೋ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು ಮತ್ತು ಸಣ್ಣ ಮೀನುಗಳು. ಸೌರಾಷ್ಟ್ರದ ಬೆಸ್ತರು ಇದನ್ನು ಯಕೃತ್ತಿನ ಎಣ್ಣೆಗಾಗಿ ಕೊಲ್ಲುತ್ತಿದ್ದರು. ದೋಣಿಯ ಮರಕ್ಕೆ ನೀರಿಳಿಯದಂತೆ ಆ ಎಣ್ಣೆಯನ್ನು ಬಳಿಯುತ್ತಿದ್ದರು. ಮುಂದೆ ಮಾಂಸಕ್ಕೂ ವಿದೇಶದಲ್ಲಿ ಬೇಡಿಕೆ ಹುಟ್ಟಿತು. ಬೇಟೆಯಲ್ಲಿ ಪೀಪಾಯಿಗಳನ್ನು ಬಳಸುತ್ತಿದ್ದುದರಿಂದ ಮೀನಿಗೇ ‘ಬ್ಯಾರಲ್’ ಎಂಬ ಹೆಸರು ಬಿದ್ದಿತ್ತು.

2001ರಲ್ಲಿ ಈ ಮೀನಿಗೆ ವನ್ಯಜೀವಿ ಕಾಯಿದೆಯ ರಕ್ಷಣೆ ದೊರೆಯಿತು. ಆದರೆ ನಡುಗಡಲಿನಲ್ಲಿ ಕಾಯಿದೆಯನ್ನು ನಡೆಸುವವರಾರು? 2004ರಲ್ಲಿ ಭಾರತೀಯ ವನ್ಯಜೀವಿ ಟ್ರಸ್ಟ್ ಸುಪ್ರಸಿದ್ಧ ರಾಮಕಥಾ ಪ್ರವಚನಕಾರರಾದ ಮೊರಾರಿ ಬಾಪು ಅವರ ನೆರವನ್ನು ಪಡೆಯಿತು. ಈ ಮೀನು ಹೆರಿಗೆಗೆಂದು ತವರಿಗೆ ಬರುವ ಮಗಳಿದ್ದಂತೆ ಎಂದು ಅವರು ಬೆಸ್ತರಿಗೆ ತಿಳಿಯಹೇಳಿದರು. ‘ಬ್ಯಾರಲ್’ ಹೋಗಿ ‘ವ್ಹಾಲಿ’ ಬಂದಿತು, ಅಂದರೆ ಪ್ರೀತಿಯವಳು. ಹೋಲಿಕೆ ಬರಿಯ ಅಲಂಕಾರವೆನ್ನಬೇಡಿ: ಈ ಮೀನಿನ ಮೊಟ್ಟೆಗಳು ತಾಯಿಯ ಒಡಲಲ್ಲಿಯೇ ಒಡೆದು ಮರಿಗಳಾಗುತ್ತವೆ. 1995ರಲ್ಲಿ ತೈವಾನಿನಲ್ಲಿ ಹಿಡಿದ ಹೆಣ್ಣೊಂದರ ಒಡಲಲ್ಲಿ ಸುಮಾರು 300 ಮರಿಗಳಿದ್ದುವು!

ಅಂದಿನಿಂದ ನೂರಾರು ಮೀನುಗಳನ್ನು ಬೆಸ್ತರು ತಾವೇ ಬಲೆ ಕತ್ತರಿಸಿ ಬಿಟ್ಟಿದ್ದಾರೆ. ಆದರೆ ಮಾತೊಂದರಿಂದಲೇ ಇದು ಆಯಿತೆನ್ನಲಾಗದು. ಬಲೆಯೆಂದರೆ ಬೆಸ್ತನ ಬಂಡವಾಳ. ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಏರ್ಪಾಡಾಯಿತು. ಮೊದಮೊದಲು ಅಧಿಕಾರಿ ಬಂದು ನೋಡುವವರೆಗೆ ಮೀನು ಬಲೆಯಲ್ಲಿಯೇ ಇರಬೇಕಾಗುತ್ತಿತ್ತು. ಬೆಸ್ತರೇ ಛಾಯಾಚಿತ್ರ ತೆಗೆದು ಒಪ್ಪಿಸಿದರೆ ಸಾಕೆಂದಾದ ಮೇಲೆ ಅದರ ಬಿಡುಗಡೆ ಬೇಗನೆ ಆಗತೊಡಗಿತು.