ಟರ್ಬೊ ಗಾಡಿಯವರೇ, ತುಸು ಕೇಳ್ರಿ

ಒಂದು, ಒಂದೂಕಾಲು ಲೀಟರಿನ ಪೆಟ್ರೋಲ್ ಎಂಜಿನ್ ಅಷ್ಟು ದೊಡ್ಡ ಗಾಡಿಯನ್ನು ಎಳೆಯುವುದು ಟರ್ಬೊ ಬಲದಿಂದ. ಎಂಜಿನ್ ಉಗುಳುವ ಬಿಸಿ ಹೊಗೆಗೆ ತಿರುಗುವ ಅದರ ಪುಟ್ಟ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ಹಾಕಬಲ್ಲದು. ಅದರ ಜೀವ ಇರುವುದು ಆಯಿಲ್‌ನಲ್ಲಿ. ಕಂಪನಿ ಹೇಳಿದ ದರ್ಜೆಯದನ್ನೇ ಹಾಕಿಸಿ, ಅಗ್ಗದ್ದು ಬೇಡ್ರಿ.

ಹುನಗುಂದದಿಂದ ಇಳಕಲ್ಲಿಗೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಜೋರಾಗಿ ಓಡಿಸಿ ಬಂದು ತಕ್ಷಣ ಆಫ್ ಮಾಡಿದರೆ, ಟರ್ಬೊದೊಳಗೆ ನಿಂತ ಆಯಿಲ್ ಸುಟ್ಟು ಕರಿಕಟ್ಟಬಹುದು. ಒಂದು ನಿಮಿಷ ಚಾಲೂ ಇರಲಿ. ಬಾಗಲಕೋಟೆಯ ಪೇಟೆಯಲ್ಲಿ ಮೆಲ್ಲಗೆ ಸುತ್ತಿ ಬಂದಾಗ ಈ ಶಾಸ್ತ್ರ ಬೇಕಿಲ್ಲ.

ಇಳಕಲ್ಲಿನ ಗ್ರಾನೈಟ್ ಕ್ವಾರಿಗಳ ದಾರಿ, ಬಾದಾಮಿಯ ಬನಶಂಕರಿ ಜಾತ್ರೆ, ಎಲ್ಲ ಕಡೆ ಧೂಳೇ. ಏರ್ ಫಿಲ್ಟರನ್ನು ಸರ್ವಿಸಿನವರೆಗೆ ಕಾಯದೆ ತೆಗೆದು ನೋಡಿಸಿ.

ಇಂಥದೇ ಸಣ್ಣ ಎಂಜಿನ್ ಜೊತೆ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಪ್ಲಗ್-ಇನ್ ಹೈಬ್ರಿಡ್ ಕೊಳ್ಳುವ ಮನಸ್ಸಿದ್ದರೆ, ಗಾಡಿ ನಿಲ್ಲಿಸುವಲ್ಲಿ ಅರ್ಥಿಂಗ್ ಸರಿಯಿರುವ ಪ್ಲಗ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಚಾರ್ಜ್ ಮಾಡದೆ ಓಡಿಸಿದರೆ ಬ್ಯಾಟರಿಯ ಭಾರವನ್ನೂ ಆ ಸಣ್ಣ ಎಂಜಿನ್ನೇ ಹೊರಬೇಕು. ಹೆಚ್ಚಾಗಿ ಕರೆಂಟಿನಲ್ಲೇ ಓಡಿಸುವವರದು ಇನ್ನೊಂದು ಪಾಡು: ಎಂಜಿನ್ ಆಗೊಮ್ಮೆ ಈಗೊಮ್ಮೆ ತುಸು ಹೊತ್ತು ಓಡಿ ನಿಲ್ಲುವುದರಿಂದ ಆಯಿಲ್ ಪೂರ್ತಿ ಕಾಯುವುದಿಲ್ಲ, ಅದರಲ್ಲಿ ನೀರಿನಂಶ, ಪೆಟ್ರೋಲ್ ಸೇರಿಕೊಳ್ಳುತ್ತವೆ. ಕಿಲೋಮೀಟರ್ ಆಗಿಲ್ಲವೆಂದು ಸುಮ್ಮನಿರದೆ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ನಡುನಡುವೆ ಕೂಡಲಸಂಗಮಕ್ಕೆ ಪೆಟ್ರೋಲಿನಲ್ಲೇ ಹೋಗಿ ಬನ್ನಿ.